ಲೆಕ್ಕ ಇಟ್ಟವರು, ಲೆಕ್ಕ ಬಿಟ್ಟವರು: ‘ಕಿಂಗ್ ಲಿಯರ್’ ನಾಟಕದ ಒಳಿತು ಕೆಡುಕು

ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಮೂರನೆಯ ಅಂಕದ ಕೊನೆಯಲ್ಲಿ ಒಬ್ಬ ಮುದುಕನನ್ನು ಅವನದೇ ಮನೆಯಲ್ಲಿ ಕುರ್ಚಿಗೆ ಬಿಗಿದು ಕಣ್ಣು ಕೀಳುತ್ತಾರೆ. ಮುದುಕ ಗ್ಲಾಸ್ಟರ್‌ನ ಅರ್ಲ್. ಕೀಳುವವನು ಆ ಮನೆಗೆ ಅತಿಥಿಯಾಗಿ ಬಂದಿರುವ ಕಾರ್ನ್‌ವಾಲ್‌ನ ಡ್ಯೂಕ್. ಪಕ್ಕದಲ್ಲಿ ನಿಂತು ‘ಇನ್ನೊಂದನ್ನೂ ಕೀಳು’ ಎಂದು ಹುರಿದುಂಬಿಸುವವಳು ಅವನ ಹೆಂಡತಿ ರೀಗನ್, ರಾಜ ಲಿಯರನ ಎರಡನೆಯ ಮಗಳು. ಒಂದು ಕಣ್ಣು ಹೋಗಿದೆ. ಆಗ ಕಾರ್ನ್‌ವಾಲನ ಆಳೊಬ್ಬ ಮುಂದೆ ಬಂದು, ‘ಚಿಕ್ಕಂದಿನಿಂದ ನಿಮ್ಮ ಸೇವೆ ಮಾಡಿದ್ದೇನೆ, ಸ್ವಾಮಿ. ಈಗ ಕೈ ತಡೆಯಿರಿ ಎನ್ನುತ್ತಿದ್ದೇನಲ್ಲ, ಇದಕ್ಕಿಂತ ದೊಡ್ಡ ಸೇವೆಯನ್ನು ನಾನು ಎಂದೂ ಮಾಡಿಲ್ಲ’ ಎನ್ನುತ್ತಾನೆ. ಕತ್ತಿ ಹಿರಿಯುತ್ತಾನೆ, ಒಡೆಯನನ್ನು ಗಾಯಗೊಳಿಸುತ್ತಾನೆ. ರೀಗನ್ ಹಿಂದಿನಿಂದ ಬಂದು ಅವನನ್ನು ಇರಿಯುತ್ತಾಳೆ. ಒಬ್ಬ ಹಳ್ಳಿಗ ಹೀಗೆ ಎದುರು ನಿಲ್ಲುವುದೇ ಎಂಬುದು ಅವಳ ಸಿಟ್ಟು. ಸಾಯುತ್ತ ಆತ ಗ್ಲಾಸ್ಟರನಿಗೆ, ‘ಇವನಿಗಾದ ಗಾಯವನ್ನು ನೋಡಲು ನಿಮಗೆ ಇನ್ನೊಂದು ಕಣ್ಣಿದೆ’ ಎನ್ನುತ್ತಾನೆ. ಆ ಮಾತು ಕೇಳಿಯೇ ಕಾರ್ನ್‌ವಾಲನಿಗೆ ಎರಡನೆಯ ಕಣ್ಣು ನೆನಪಾಗುತ್ತದೆ.

ಈ ಆಳಿಗೆ ಹೆಸರಿಲ್ಲ. ಇಡೀ ನಾಟಕದಲ್ಲಿ ಅವನಿಗಿರುವುದು ಕೆಲವೇ ಸಾಲು. ಅವನು ಒಂದು ಕಣ್ಣನ್ನೂ ಉಳಿಸಲಿಲ್ಲ, ತನ್ನ ಜೀವವನ್ನೂ ಉಳಿಸಿಕೊಳ್ಳಲಿಲ್ಲ. ಆದರೂ ಈ ನಾಟಕದಲ್ಲಿ ಒಳ್ಳೆಯವರು ಯಾರು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವವನು ಇವನೇ.

ಪರೀಕ್ಷೆಯ ಗೈಡುಗಳಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರವಿರುತ್ತದೆ. ಹಾಳೆಯ ನಡುವೆ ಒಂದು ಗೆರೆ, ಎಡಕ್ಕೆ ಲಿಯರನ ಕಿರಿಯ ಮಗಳು ಕಾರ್ಡೀಲಿಯ, ಅವನ ಆಸ್ಥಾನದ ಕೆಂಟ್, ಗ್ಲಾಸ್ಟರನ ಹಿರಿಯ ಮಗ ಎಡ್ಗರ್, ಬಲಕ್ಕೆ ಲಿಯರನ ಹಿರಿಯ ಮಗಳು ಗಾನರಿಲ್, ರೀಗನ್, ಗ್ಲಾಸ್ಟರನ ಕಿರಿಯ ಮಗ ಎಡ್ಮಂಡ್, ಕಾರ್ನ್‌ವಾಲ್. ಇದು ಪೂರ್ತಿ ಸುಳ್ಳೂ ಅಲ್ಲ. ಈ ನಾಟಕದ ಪಾತ್ರಗಳು ಎರಡು ಎದುರು ಬಣಗಳಾಗಿ ಎದ್ದು ಕಾಣುತ್ತವೆ ಎಂಬುದನ್ನು ವಿಮರ್ಶಕ ಎ.ಸಿ. ಬ್ರಾಡ್ಲಿ 1904ರಲ್ಲಿಯೇ ಗುರುತಿಸಿದ್ದ. ಮ್ಯಾಕ್‌ಬೆತ್‌ನ ಹಾಗೆ ಒಬ್ಬನೇ ಮನುಷ್ಯನೊಳಗೆ ಒಳಿತು ಕೆಡುಕುಗಳು ಕುಸ್ತಿ ಆಡುವ ನಾಟಕ ಇದಲ್ಲ. ತೊಡಕು ಬೇರೆ ಕಡೆ ಇದೆ. ಗೆರೆಯ ಎರಡೂ ಬದಿಯವರು ಆಡುವ ಮಾತನ್ನು ಕಿವಿಗೊಟ್ಟು ಕೇಳಿದರೆ, ಕೆಟ್ಟವರ ಮಾತೇ ಹೆಚ್ಚು ವಿವೇಕದ್ದಾಗಿ ಕೇಳುತ್ತದೆ. ಅವರು ಲೆಕ್ಕ ತಪ್ಪುವುದಿಲ್ಲ. ಒಳ್ಳೆಯವರದು ಲೆಕ್ಕಕ್ಕೆ ಸಿಗದ ನಡವಳಿಕೆ.

ಆದರೆ ಲೆಕ್ಕದ ಪುಸ್ತಕವನ್ನು ಮೊದಲು ತೆರೆಯುವವನು ಖಳನಲ್ಲ, ಲಿಯರನೇ. ಎಂಬತ್ತು ದಾಟಿದ ಬ್ರಿಟನ್ನಿನ ದೊರೆ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ನಕ್ಷೆ ತರಿಸುತ್ತಾನೆ. ಯಾರು ನನ್ನನ್ನು ಹೆಚ್ಚು ಪ್ರೀತಿಸುತ್ತೀರೋ ಹೇಳಿ, ಅದಕ್ಕೆ ತಕ್ಕ ಪಾಲು ಕೊಡುತ್ತೇನೆ ಎನ್ನುತ್ತಾನೆ. ಸ್ಪರ್ಧೆಯೂ ಪ್ರಾಮಾಣಿಕವಲ್ಲ. ಎಲ್ಲರ ಮಾತು ಮುಗಿಯುವವರೆಗೆ ಕಾಯದೆ ಹಿರಿಯಳಾದ ಗಾನರಿಲ್ ಮಾತಾಡಿದ ಕೂಡಲೇ ಅವಳ ಪಾಲು ಕೊಡುತ್ತಾನೆ, ರೀಗನ್‌ಗೂ ಹಾಗೆಯೇ. ಕಿರಿಯಳಿಗೆಂದು ಇನ್ನೂ ಸಮೃದ್ಧವಾದ ಭಾಗವನ್ನು ಮೊದಲೇ ತೆಗೆದಿಟ್ಟಿದ್ದಾನೆ. ಅವನಿಗೆ ಬೇಕಾದದ್ದು ತುಂಬಿದ ಸಭೆಯಲ್ಲಿ ಹೊಗಳಿಕೆ.

ಕಾರ್ಡೀಲಿಯ ‘ಏನೂ ಇಲ್ಲ’ ಎನ್ನುತ್ತಾಳೆ. ಅವಳ ಮುಂದಿನ ಮಾತನ್ನು ಅವಳ ಅಭಿಮಾನಿಗಳು ಬೇಗ ದಾಟಿ ಹೋಗುತ್ತಾರೆ. ಮಗಳಾಗಿ ನನ್ನ ಕಟ್ಟುಪಾಡಿಗೆ ತಕ್ಕಷ್ಟು ಪ್ರೀತಿಸುತ್ತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾಳೆ ಮದುವೆಯಾದರೆ ಅರ್ಧ ಪ್ರೀತಿ ಗಂಡನ ಪಾಲು. ಇದೂ ಲೆಕ್ಕವೇ ಅಲ್ಲವೆ? ಅಕ್ಕಂದಿರ ಸುಳ್ಳಿನಿಂದ ಕುದಿದುಹೋದ ಹುಡುಗಿ ಅಪ್ಪನ ತಕ್ಕಡಿಯನ್ನೇ ಕೈಗೆತ್ತಿಕೊಂಡು ಗ್ರಾಂ ಹೆಚ್ಚಾಗದಂತೆ ತೂಗಿ ತೋರಿಸುತ್ತಾಳೆ. ಆ ಸತ್ಯದಲ್ಲಿ ಸ್ವಲ್ಪ ಹಟವಿದೆ, ಸ್ವಲ್ಪ ಬಿಗುಮಾನವಿದೆ. ಅವಳು ಅಪ್ಪನ ಮಗಳೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ದೃಶ್ಯದಲ್ಲಿ ತಕ್ಕಡಿ ಮುಟ್ಟದವನು ಫ್ರಾನ್ಸಿನ ದೊರೆ ಒಬ್ಬನೇ. ವರದಕ್ಷಿಣೆ ಇಲ್ಲವೆಂದು ಗೊತ್ತಾದ ತಕ್ಷಣ ಬರ್ಗಂಡಿಯ ಡ್ಯೂಕ್ ಹಿಂದೆ ಸರಿಯುತ್ತಾನೆ. ಫ್ರಾನ್ಸಿನವನು ‘ಇವಳೇ ವರದಕ್ಷಿಣೆ’ ಎಂದು ಕೈ ಹಿಡಿದು ಕರೆದೊಯ್ಯುತ್ತಾನೆ. ಅಪ್ಪ ಶಪಿಸಿ ಕಳಿಸಿದ ಹೆಣ್ಣನ್ನು ಪರದೇಶದವನು ಮೆಚ್ಚಿಕೊಳ್ಳುತ್ತಾನೆ. ಮುಂದೆ ಇವನು ರಂಗಕ್ಕೆ ಬರುವುದೇ ಇಲ್ಲ.

ಇನ್ನು ಅಕ್ಕಂದಿರು. ಮೊದಲ ದೃಶ್ಯದ ಕೊನೆಯಲ್ಲಿ ಇಬ್ಬರೇ ನಿಂತು ಆಡಿಕೊಳ್ಳುವ ಮಾತಿನಲ್ಲಿ ರಕ್ಕಸತನವಿಲ್ಲ. ಅಪ್ಪನಿಗೆ ವಯಸ್ಸಾಯಿತು, ಮೊದಲಿನಿಂದಲೂ ಅವನಿಗೆ ತನ್ನ ಅರಿವು ಅಷ್ಟಕ್ಕಷ್ಟೆ ಎನ್ನುತ್ತಾರೆ. ನಾಟಕದಲ್ಲಿ ಲಿಯರನ ಬಗ್ಗೆ ಯಾರೂ ಇದಕ್ಕಿಂತ ನಿಖರವಾಗಿ ಮಾತಾಡಿಲ್ಲ. ಮುಂದೆ ಲಿಯರ್ ನೂರು ಮಂದಿ ಸವಾರರೊಂದಿಗೆ ಗಾನರಿಲ್‌ಳ ಮನೆಯಲ್ಲಿ ಬೀಡುಬಿಡುತ್ತಾನೆ. ಅವರು ಗಲಾಟೆ ಮಾಡುತ್ತಾರೆ, ಮನೆ ಛತ್ರದಂತಾಗಿದೆ ಎಂದು ಅವಳು ದೂರುತ್ತಾಳೆ. ತನ್ನ ವಿದೂಷಕನನ್ನು ಗದರಿಸಿದ್ದಕ್ಕೆ ಅವಳ ಮನೆಯವನೊಬ್ಬನಿಗೆ ಲಿಯರ್ ಹೊಡೆದದ್ದಂತೂ ನಿಜ. 1962ರಲ್ಲಿ ನಿರ್ದೇಶಕ ಪೀಟರ್ ಬ್ರೂಕ್ ಈ ನಾಟಕ ಆಡಿಸಿದಾಗ ಸವಾರರನ್ನು ನಿಜಕ್ಕೂ ಪುಂಡರ ಗುಂಪಾಗಿಯೇ ತೋರಿಸಿದ. ಪ್ರೇಕ್ಷಕರಿಗೆ ಒಂದು ಗಳಿಗೆ ಗಾನರಿಲ್‌ಳ ಪಕ್ಷ ವಹಿಸಬೇಕೆನಿಸಿದರೆ ಅದು ಅವರ ತಪ್ಪಲ್ಲ.

ಕೆಡುಕು ಅಲ್ಲಿಂದ ಹೇಗೆ ಇಳಿಯುತ್ತದೆ ಎಂಬುದನ್ನು ಷೇಕ್ಸ್‌ಪಿಯರ್ ಅಂಕಿಗಳಲ್ಲಿ ಬರೆದಿದ್ದಾನೆ. ಹಿರಿಯಳು ನೂರನ್ನು ಐವತ್ತಕ್ಕೆ ಇಳಿಸುತ್ತಾಳೆ. ಲಿಯರ್ ಕೋಪದಿಂದ ರೀಗನ್‌ಳ ಬಳಿ ಹೋದರೆ ಅವಳು, ನನ್ನಲ್ಲಿಗೆ ಬರುವುದಾದರೆ ಇಪ್ಪತ್ತೈದೇ ಸಾಕು ಎನ್ನುತ್ತಾಳೆ. ಆಗ ಮುದುಕ ಹಿರಿಯಳ ಕಡೆ ತಿರುಗಿ ಹೇಳುವ ಮಾತು ಕರುಳು ಹಿಂಡುತ್ತದೆ, ಜೊತೆಗೆ ನಾಚಿಕೆಯನ್ನೂ ತರುತ್ತದೆ: ‘ನಿನ್ನ ಐವತ್ತು ಇವಳ ಇಪ್ಪತ್ತೈದರ ಎರಡರಷ್ಟು, ಆದ್ದರಿಂದ ನಿನ್ನ ಪ್ರೀತಿಯೂ ಎರಡರಷ್ಟು. ನಿನ್ನ ಜೊತೆಗೇ ಬರುತ್ತೇನೆ.’ ಇಷ್ಟಾದರೂ ಅವನಿಗೆ ಪಾಠ ಹತ್ತಿಲ್ಲ, ಪ್ರೀತಿಯನ್ನು ಇನ್ನೂ ತಲೆಯೆಣಿಕೆಯಲ್ಲೇ ಅಳೆಯುತ್ತಿದ್ದಾನೆ. ಇಪ್ಪತ್ತೈದಾದರೂ ಯಾಕೆ, ಹತ್ತು ಯಾಕೆ, ಐದು ಯಾಕೆ ಎಂದು ಗಾನರಿಲ್ ಕೇಳುತ್ತಾಳೆ. ಒಬ್ಬನಾದರೂ ಯಾಕೆ ಎಂದು ರೀಗನ್ ಮುಗಿಸುತ್ತಾಳೆ.

ಪ್ರತಿ ಮೆಟ್ಟಿಲಿಗೂ ಕಾರಣವಿದೆ. ಒಂದೇ ಮನೆಯಲ್ಲಿ ಇಬ್ಬರ ಅಪ್ಪಣೆ ನಡೆಯುವುದು ಕಷ್ಟ, ಸೇವೆಗೆ ನಮ್ಮ ಆಳುಗಳೇ ಇದ್ದಾರಲ್ಲ, ಖರ್ಚು ಬೇರೆ. ಯಾವುದನ್ನೂ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ನೂರರಿಂದ ಸೊನ್ನೆಯವರೆಗೆ ಒಂದು ಮೆಟ್ಟಿಲೂ ಜಾರದೆ ಇಳಿದು ಬರುತ್ತಾರೆ, ಕೆಳಗೆ ಬಂದಾಗ ಹೊರಗೆ ಬಿರುಗಾಳಿ. ‘ಬೇಕೇ ಬೇಡವೇ ಎಂದು ತರ್ಕ ಮಾಡಬೇಡಿ, ಕಡುಬಡವನ ಬಳಿಯೂ ಬೇಕಾದದ್ದಕ್ಕಿಂತ ಚೂರು ಹೆಚ್ಚು ಇರುತ್ತದೆ’ ಎಂದು ಲಿಯರ್ ಕೂಗಿಕೊಳ್ಳುವುದು ಇಲ್ಲಿಯೇ. ಅಗತ್ಯಕ್ಕಿಂತ ಒಂದಿಷ್ಟು ಹೆಚ್ಚಿಲ್ಲದಿದ್ದರೆ ಮನುಷ್ಯನಿಗೂ ದನಕ್ಕೂ ವ್ಯತ್ಯಾಸವಿಲ್ಲ ಎಂಬುದು ಅವನ ವಾದ. ಅವನು ಆ ರಾತ್ರಿಯೊಳಕ್ಕೆ ಹೊರಟುಹೋದ ಮೇಲೆ ರೀಗನ್ ಆಡುವುದು ಒಂದು ನೀತಿವಾಕ್ಯ: ಹಟಮಾರಿಗಳಿಗೆ ತಾವೇ ತಂದುಕೊಂಡ ನೋವೇ ಮೇಷ್ಟರು. ಅದರ ಬೆನ್ನಿಗೇ ಅಪ್ಪಣೆ: ಬಾಗಿಲು ಹಾಕಿಸಿ. ಕೇಡಿನ ಬಾಯಲ್ಲಿ ಬೈಗುಳಕ್ಕಿಂತ ನೀತಿವಾಕ್ಯವೇ ಹೆಚ್ಚು ಭಯ ಹುಟ್ಟಿಸುತ್ತದೆ.

ಎಡ್ಮಂಡ್‌ನ ಲೆಕ್ಕ ಬೇರೆ ಬಗೆಯದು. ಅವನು ಗ್ಲಾಸ್ಟರನಿಗೆ ಮದುವೆಯ ಹೊರಗೆ ಹುಟ್ಟಿದ ಮಗ. ಅಣ್ಣ ಎಡ್ಗರ್ ಹೆಂಡತಿಯ ಮಗನಾದ್ದರಿಂದ ಆಸ್ತಿಯೆಲ್ಲ ಅವನಿಗೆ. ನಾಟಕ ಶುರುವಾಗುವುದೇ ಎಡ್ಮಂಡ್‌ನನ್ನು ಎದುರಿಗೆ ನಿಲ್ಲಿಸಿಕೊಂಡು ಗ್ಲಾಸ್ಟರ್ ಕೆಂಟನೊಡನೆ ಹೊಡೆಯುವ ಚಟಾಕಿಯಿಂದ. ಇವನು ಕರೆಯದೇ ಬಂದವನು, ಇವನ ತಾಯಿ ಚೆಲುವೆ, ಇವನನ್ನು ಹುಟ್ಟಿಸುವಾಗ ಒಳ್ಳೆಯ ಮೋಜಾಯಿತು, ಏನು ಮಾಡುವುದು, ಒಪ್ಪಿಕೊಳ್ಳಲೇಬೇಕು. ಒಂಬತ್ತು ವರ್ಷ ಹೊರಗಿದ್ದ, ಮತ್ತೆ ಹೊರಗೇ ಹೋಗುತ್ತಾನೆ. ಎಡ್ಮಂಡ್ ವಿನಯದಿಂದ ನಿಂತಿದ್ದಾನೆ. ಈ ಮಾತುಗಳನ್ನು ಅವನು ಎಷ್ಟನೆಯ ಸಲ ಕೇಳುತ್ತಿದ್ದಾನೋ! ಒಬ್ಬ ಖಳ ತಯಾರಾಗುವುದನ್ನು ತೋರಿಸಲು ಷೇಕ್ಸ್‌ಪಿಯರನಿಗೆ ಒಂದು ಹಾಳೆಯೂ ಬೇಕಾಗಲಿಲ್ಲ.

ಹಾಗೆಂದು ಎಡ್ಮಂಡ್ ಆ ಗಾಯವನ್ನು ನೆಪ ಮಾಡಿಕೊಳ್ಳುವವನಲ್ಲ. ಸೂರ್ಯ ಚಂದ್ರರಿಗೆ ಗ್ರಹಣ ಹಿಡಿದದ್ದರಿಂದಲೇ ಮನೆಮನೆಯಲ್ಲಿ ಅಪ್ಪ ಮಕ್ಕಳು ಮುರಿದುಬೀಳುತ್ತಿದ್ದಾರೆ ಎಂದು ಗ್ಲಾಸ್ಟರ್ ನಿಟ್ಟುಸಿರುಬಿಡುತ್ತಾನೆ. (1605ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ನಿಜಕ್ಕೂ ಎರಡು ಗ್ರಹಣ ಬಂದುಹೋಗಿದ್ದವು, ಲಂಡನ್ನಿನ ಪ್ರೇಕ್ಷಕರಿಗೆ ಅವು ನೆನಪಿರಲೇಬೇಕು.) ಅವನು ಅತ್ತ ಹೋದೊಡನೆ ಎಡ್ಮಂಡ್ ನಗುತ್ತಾನೆ. ನಮ್ಮ ನಡತೆ ಕೆಟ್ಟು ಅದೃಷ್ಟ ಹಾಳಾದಾಗ ಗ್ರಹಗಳ ಮೇಲೆ ಹೊರೆ ಹೊರಿಸುವುದು ಎಂಥ ಮೂರ್ಖತನ. ನಾನು ಹುಟ್ಟಿದ ಗಳಿಗೆಯಲ್ಲಿ ಆಕಾಶದ ಅತಿ ಪರಿಶುದ್ಧ ನಕ್ಷತ್ರ ಮಿನುಗಿದ್ದರೂ ನಾನು ಇದೇ ಆಗಿರುತ್ತಿದ್ದೆ ಎನ್ನುತ್ತಾನೆ. ನಾಟಕದಲ್ಲಿ ತನ್ನ ಕೆಲಸಕ್ಕೆ ತಾನೇ ಹೊಣೆ ಎಂದು ಇಷ್ಟು ಸ್ಪಷ್ಟವಾಗಿ ಹೇಳುವವನು ಖಳ. ಕಳ್ಳ ಕಾಗದ ಬರೆದು ಅಣ್ಣನನ್ನು ಓಡಿಸುತ್ತಾನೆ, ನಿಜವಾದ ಕಾಗದ ಒಪ್ಪಿಸಿ ಅಪ್ಪನನ್ನು ಕಾರ್ನ್‌ವಾಲನ ಕೈಗೆ ಸಿಕ್ಕಿಸುತ್ತಾನೆ, ಮುದುಕರು ಬಿದ್ದಾಗ ಕಿರಿಯರು ಏಳುತ್ತಾರೆ ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಇಬ್ಬರು ಅಕ್ಕತಂಗಿಯರಿಗೂ ಪ್ರೀತಿಯ ಮಾತು ಕೊಟ್ಟು, ಇಬ್ಬರನ್ನೂ ಇಟ್ಟುಕೊಳ್ಳಲೇ, ಒಬ್ಬಳನ್ನೇ, ಅಥವಾ ಯಾರೂ ಬೇಡವೇ ಎಂದು ಕೂಡಿ ಕಳೆಯುತ್ತಾನೆ.

ನಿಷ್ಠೆಯ ವಿಷಯಕ್ಕೆ ಬಂದರೆ ಗೈಡಿನ ಗೆರೆ ಇನ್ನಷ್ಟು ಅಳ್ಳಾಡುತ್ತದೆ. ದೊರೆಗೆ ಎದುರಾಡಿ ಗಡೀಪಾರಾದ ಕೆಂಟ್ ವೇಷ ಮರೆಸಿಕೊಂಡು ಅದೇ ದೊರೆಯ ಚಾಕರಿಗೆ ಸೇರುತ್ತಾನೆ. ಗಾನರಿಲ್‌ಳ ಮನೆವಾರ್ತೆ ನೋಡುವ ಆಸ್ವಾಲ್ಡ್ ಒಡತಿ ಹೇಳಿದ್ದನ್ನೆಲ್ಲ ಮಾಡುತ್ತಾನೆ. ಕುರುಡ ಗ್ಲಾಸ್ಟರನನ್ನು ಕೊಲ್ಲಲು ಹೋಗಿ ಎಡ್ಗರ್‌ನ ಪೆಟ್ಟಿಗೆ ಸಾಯುವಾಗಲೂ ತನ್ನ ಬಳಿಯ ಕಾಗದಗಳನ್ನು ಎಡ್ಮಂಡ್‌ಗೆ ತಲುಪಿಸಿ ಎಂದು ಬೇಡುತ್ತಾನೆ. ನಿಷ್ಠೆಯೇ ಒಳ್ಳೆಯತನವಾಗಿದ್ದರೆ ಇವನೂ ಒಳ್ಳೆಯವರ ಸಾಲಿನಲ್ಲಿರಬೇಕಿತ್ತು. ಕೆಂಟ್ ಒಳ್ಳೆಯವನಾಗುವುದು ವಿಧೇಯತೆಯಿಂದಲ್ಲ, ಬೇಕಾದಾಗ ‘ಆಗದು’ ಎಂದದ್ದರಿಂದ.

ಇದರ ತುತ್ತತುದಿಯಲ್ಲಿ ಹೆಸರಿಲ್ಲದ ಇನ್ನೊಬ್ಬನಿದ್ದಾನೆ. ಅಪ್ಪನ ನೆರವಿಗೆ ಕಾರ್ಡೀಲಿಯ ಫ್ರಾನ್ಸಿನ ಸೇನೆಯೊಂದಿಗೆ ಬಂದು ಸೋತ ಯುದ್ಧದಲ್ಲಿ ಸೆರೆಸಿಕ್ಕ ಅಪ್ಪ ಮಗಳಿಬ್ಬರನ್ನೂ ಮುಗಿಸಲು ಎಡ್ಮಂಡ್ ಒಬ್ಬ ಕ್ಯಾಪ್ಟನ್ನಿನ ಕೈಗೆ ಚೀಟಿ ಕೊಡುತ್ತಾನೆ, ಬಡ್ತಿಯ ಆಸೆ ತೋರಿಸುತ್ತಾನೆ. ಕ್ಯಾಪ್ಟನ್ ಹೇಳುವುದು ಎರಡೇ ಸಾಲು: ‘ಗಾಡಿ ಎಳೆಯಲು ನನ್ನಿಂದಾಗದು, ಒಣ ಓಟ್ಸ್ ತಿನ್ನಲೂ ಆಗದು. ಮನುಷ್ಯರು ಮಾಡುವ ಕೆಲಸವಾದರೆ ಮಾಡುತ್ತೇನೆ.’ ಕುದುರೆಯಂತೆ ದುಡಿಯುವುದಕ್ಕಿಂತ ಇದು ವಾಸಿ ಎಂಬ ಧಾಟಿ. ಅವನಿಗೆ ಕಾರ್ಡೀಲಿಯಳ ಮೇಲೆ ದ್ವೇಷವಿಲ್ಲ. ಕಣ್ಣು ಕೀಳುವ ಕೋಣೆಯ ಆಳನ್ನೂ ಈ ಕ್ಯಾಪ್ಟನ್ನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಇಬ್ಬರೂ ಬೇರೆಯವರ ಚಾಕರಿಯಲ್ಲಿದ್ದವರು, ಇಬ್ಬರ ಎದುರಿಗೂ ಅಸಹಾಯಕ ಜೀವ, ಇಬ್ಬರೂ ಸಾಯುತ್ತಾರೆ. ಕ್ಯಾಪ್ಟನ್ ತನಗೇನು ಸಿಗುತ್ತದೆ ಎಂದು ನೋಡಿಕೊಂಡ. ಆಳಿಗೆ ನೋಡಿಕೊಳ್ಳಲು ಹೊತ್ತೇ ಇರಲಿಲ್ಲ, ಅಥವಾ ಹಾಗೆ ನೋಡಿಕೊಳ್ಳುವುದು ಅವನಿಗೆ ತೋಚಲೇ ಇಲ್ಲ.

ಆ ಕೋಣೆಯಲ್ಲಿ ಇನ್ನೂ ಇಬ್ಬರು ಆಳುಗಳಿದ್ದರು. 1608ರಲ್ಲಿ ಅಚ್ಚಾದ ಕ್ವಾರ್ಟೋ ಎಂಬ ಚಿಕ್ಕ ಗಾತ್ರದ ಪ್ರತಿಯಲ್ಲಿ ಅವರಿಗೊಂದು ಪುಟ್ಟ ಸಂಭಾಷಣೆ ಇದೆ. ಒಬ್ಬ, ರಕ್ತ ಸುರಿಯುವ ಮುಖಕ್ಕೆ ಹಚ್ಚಲು ನಾರುಬಟ್ಟೆಯನ್ನೂ ಮೊಟ್ಟೆಯ ಬಿಳಿಯನ್ನೂ ತರುತ್ತೇನೆ ಎಂದು ಹೋಗುತ್ತಾನೆ. ಷೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಗ್ರಹವಾದ 1623ರ ಫೋಲಿಯೋದಲ್ಲಿ ಈ ಸಾಲುಗಳಿಲ್ಲ. ಬ್ರೂಕ್ ಕೂಡ ತನ್ನ ಪ್ರಯೋಗದಲ್ಲಿ ಇವನ್ನು ಕತ್ತರಿಸಿದ. ಪ್ರೇಕ್ಷಕರಿಗೆ ಸಮಾಧಾನ ಸಿಗಬಾರದು ಎಂಬುದು ಅವನ ಇರಾದೆ. ನನಗೆ ಅದು ಒಪ್ಪಿಗೆಯಿಲ್ಲ. ಮೊಟ್ಟೆಯ ಬಿಳಿಯಿಂದ ಕಣ್ಣು ಬರುವುದಿಲ್ಲವೆಂದು ಆ ಆಳಿಗೂ ಗೊತ್ತು, ನೋಡುವವರಿಗೂ ಗೊತ್ತು. ಅದರಲ್ಲಿ ಸಮಾಧಾನವೆಲ್ಲಿದೆ?

ಒಳ್ಳೆಯವರಲ್ಲೂ ಒಂದು ಕಡೆ ಲೆಕ್ಕದ ಚಾಳಿ ಉಳಿದಿದೆ. ಎಡ್ಗರ್ ಹುಚ್ಚ ಭಿಕ್ಷುಕನ ವೇಷದಲ್ಲಿ ಕುರುಡ ಅಪ್ಪನ ಕೈ ಹಿಡಿದು ನಡೆಸುತ್ತಾನೆ, ಅವನಿಗಾಗಿ ಬೇಡುತ್ತಾನೆ, ಬಂಡೆಯಿಂದ ಹಾರಿ ಸಾಯಲು ಹೊರಟವನನ್ನು, ಸಮನೆಲವನ್ನೇ ಡೋವರ್ ಬಂಡೆಯ ಅಂಚೆಂದು ಸುಳ್ಳು ಕಟ್ಟಿ ಬದುಕಿಸುತ್ತಾನೆ. ಆದರೆ ನಾನು ನಿನ್ನ ಮಗ ಎಂದು ಮಾತ್ರ ಹೇಳುವುದಿಲ್ಲ. ಕೊನೆಗೆ ಹೇಳಿದಾಗ ಸಂತೋಷ ದುಃಖಗಳ ನಡುವೆ ಸಿಕ್ಕಿ ಮುದುಕನ ಎದೆಯೇ ಒಡೆದುಹೋಗುತ್ತದೆ. ಅದು ನನ್ನ ತಪ್ಪು ಎಂದು ಎಡ್ಗರ್ ಒಪ್ಪಿಕೊಳ್ಳುತ್ತಾನೆ. ಅದಕ್ಕೂ ಸ್ವಲ್ಪ ಮುಂಚೆ, ತನ್ನ ಕತ್ತಿಗೆ ಬಿದ್ದ ಎಡ್ಮಂಡ್‌ಗೆ ಅವನು ಹೇಳುವುದನ್ನು ಕೇಳಿ: ದೇವತೆಗಳು ನ್ಯಾಯವಂತರು; ಕತ್ತಲೆಯಲ್ಲಿ ನಿನ್ನನ್ನು ಹುಟ್ಟಿಸಿದ್ದಕ್ಕೆ ಅಪ್ಪ ಕಣ್ಣಿನ ಬೆಲೆ ತೆತ್ತ. ಅಪ್ಪನ ಕಣ್ಣಿನ ಗುಳಿಗಳನ್ನು ಕಂಡ ಮಗ ಆಡುವ ಮಾತೇ ಇದು? ಇದು ರೀಗನ್ ಬಾಗಿಲು ಹಾಕಿಸುವಾಗ ಆಡಿದ ನೀತಿವಾಕ್ಯದ ತಮ್ಮನೇ.

ಗಾನರಿಲ್‌ಳ ಗಂಡ ಆಲ್ಬನಿ ಒಳ್ಳೆಯವನು, ತಡವಾಗಿ ಎಚ್ಚರವಾಗುವವನು. ಅವನ ಕುರಿತು ಹೆಚ್ಚು ಹೇಳಲು ಇಲ್ಲ, ಒಂದು ಮಾತನ್ನು ಬಿಟ್ಟರೆ. ಯುದ್ಧ ಮುಗಿದಿದೆ. ಎಡ್ಮಂಡ್ ಸಾಯುತ್ತ ಬಿದ್ದಿದ್ದಾನೆ. ಎಡ್ಗರ್ ತನ್ನ ಅಲೆದಾಟದ ಕಥೆಯನ್ನು ದೀರ್ಘವಾಗಿ ಹೇಳುತ್ತಾನೆ. ನಿನ್ನ ಮಾತಿನಿಂದ ನನ್ನ ಮನಸ್ಸು ಕಲಕಿತು, ಇದರಿಂದ ಒಳ್ಳೆಯದೂ ಆದೀತು, ಮುಂದೆ ಹೇಳು ಎನ್ನುತ್ತಾನೆ ಎಡ್ಮಂಡ್. ಕಥೆ ಮುಂದುವರಿಯುತ್ತದೆ. ಗಾನರಿಲ್ ತಂಗಿಗೆ ವಿಷವಿಟ್ಟು ತಾನೂ ಇರಿದುಕೊಂಡ ಸುದ್ದಿ ಬರುತ್ತದೆ. ಕೆಂಟ್ ಬಂದು ದೊರೆ ಎಲ್ಲಿ ಎಂದು ಕೇಳಿದಾಗಷ್ಟೇ ಆಲ್ಬನಿ ಬೆಚ್ಚುತ್ತಾನೆ: ‘ದೊಡ್ಡ ಸಂಗತಿಯನ್ನೇ ಮರೆತೆವಲ್ಲ!’ ಅಷ್ಟು ಹೊತ್ತೂ ಆ ಕ್ಯಾಪ್ಟನ್ ಸೆರೆಮನೆಯಲ್ಲಿ ತನ್ನ ಕೆಲಸದಲ್ಲಿದ್ದಾನೆ. ‘ನನ್ನ ಸ್ವಭಾವಕ್ಕೆ ವಿರುದ್ಧವಾಗಿ ಒಂದಿಷ್ಟು ಒಳ್ಳೆಯದನ್ನು ಮಾಡುತ್ತೇನೆ’ ಎಂದು ಎಡ್ಮಂಡ್ ಅಪ್ಪಣೆ ಹಿಂತೆಗೆದು ಕತ್ತಿಯನ್ನು ಗುರುತಾಗಿ ಕಳಿಸುತ್ತಾನೆ. ‘ದೇವತೆಗಳು ಅವಳನ್ನು ಕಾಪಾಡಲಿ’ ಎಂದು ಆಲ್ಬನಿ ಹೇಳಿ ಮುಗಿಸುವಷ್ಟರಲ್ಲಿ ಲಿಯರ್ ಕಾರ್ಡೀಲಿಯಳ ಹೆಣ ಹೊತ್ತು ಒಳಗೆ ಬರುತ್ತಾನೆ. ಕೊಲ್ಲಿಸಿದ್ದು ಕೆಟ್ಟವನ ಆಜ್ಞೆ, ಅದಕ್ಕೆ ಪುರುಸೊತ್ತು ಕೊಟ್ಟದ್ದು ಒಳ್ಳೆಯವರ ಮರೆವು.

ಈ ಸಾವನ್ನು ಷೇಕ್ಸ್‌ಪಿಯರ್ ಬೇಕೆಂದೇ ತಂದ. 1605ರಲ್ಲಿ ಅಚ್ಚಾದ ಹಳೆಯ ಲಿಯರ್ ನಾಟಕದಲ್ಲಿ ದೊರೆಗೆ ಸಿಂಹಾಸನ ಮರಳಿ ಸಿಗುತ್ತದೆ, ಕಿರಿಯ ಮಗಳು ಬದುಕುತ್ತಾಳೆ. ಆ ಕಥೆ ಬಲ್ಲವರು 1606ರ ಡಿಸೆಂಬರ್ 26ರಂದು ಅರಮನೆಯ ಪ್ರದರ್ಶನದಲ್ಲಿ ಕುಳಿತಿದ್ದರೆ ಕೊನೆಯ ಗಳಿಗೆಯವರೆಗೂ ಅವಳು ಉಳಿಯುತ್ತಾಳೆಂದೇ ನಂಬಿರುತ್ತಾರೆ. ಮುಂದಿನ ಕಾಲದವರಿಗೆ ಇದನ್ನು ನುಂಗಲಾಗಲಿಲ್ಲ. 1681ರಲ್ಲಿ ಕವಿ ನೇಹಮ್ ಟೇಟ್ ನಾಟಕವನ್ನು ತಿದ್ದಿ ಬರೆದು, ವಿದೂಷಕನನ್ನು ತೆಗೆದುಹಾಕಿ, ಲಿಯರನನ್ನು ಬದುಕಿಸಿ, ಕಾರ್ಡೀಲಿಯ ಎಡ್ಗರರ ಮದುವೆ ಮಾಡಿಸಿದ. 1838ರಲ್ಲಿ ನಟ ಮೆಕ್ರೀಡಿ ಮೂಲಕ್ಕೆ ಮರಳುವವರೆಗೆ ಇಂಗ್ಲೆಂಡಿನ ರಂಗದಲ್ಲಿ ಹೆಚ್ಚಾಗಿ ಟೇಟನ ಪಠ್ಯದ್ದೇ ಕಾರುಬಾರು. ಸ್ಯಾಮ್ಯುಯಲ್ ಜಾನ್ಸನ್‌ನಂಥ ಗಟ್ಟಿ ಓದುಗನೂ ಕಾರ್ಡೀಲಿಯಳ ಸಾವಿನಿಂದ ಎಷ್ಟು ಕಂಗೆಟ್ಟನೆಂದರೆ, 1765ರ ತನ್ನ ಆವೃತ್ತಿಗಾಗಿ ಸಂಪಾದಕನ ಕೆಲಸ ಮೈಮೇಲೆ ಬರುವವರೆಗೆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಿಲ್ಲ. ಇವರನ್ನು ನೋಡಿ ನಗುವುದು ಸುಲಭ. ಆದರೆ ಅವರು ಕೇಳಿದ್ದು ಸಣ್ಣ ಬೇಡಿಕೆಯಲ್ಲ: ಒಳ್ಳೆಯದಕ್ಕೆ ಒಳ್ಳೆಯದೇ ಸಿಗಲಿ, ಖಾತೆ ಸರಿಹೋಗಲಿ.

ಷೇಕ್ಸ್‌ಪಿಯರ್ ಖಾತೆ ಸರಿಮಾಡುವುದಿಲ್ಲ. ಬದಲಿಗೆ ನಾಲ್ಕನೆಯ ಅಂಕದಲ್ಲಿ ಒಂದು ಭೇಟಿ ಇಟ್ಟಿದ್ದಾನೆ. ಹುಚ್ಚಿನಿಂದ ಎಚ್ಚೆತ್ತ ಲಿಯರ್ ಎದುರಿಗಿರುವ ಮಗಳನ್ನು ಗುರುತಿಸುತ್ತಾನೆ. ಹಳೆಯ ಲೆಕ್ಕಿಗ ಇನ್ನೂ ಸತ್ತಿಲ್ಲ, ಬಾಕಿ ತೀರಿಸಲು ಸಿದ್ಧನಾಗಿದ್ದಾನೆ: ‘ವಿಷ ಕೊಟ್ಟರೂ ಕುಡಿಯುತ್ತೇನೆ. ನಿನ್ನ ಅಕ್ಕಂದಿರು ನನ್ನನ್ನು ನೋಯಿಸಿದ್ದಕ್ಕೆ ಕಾರಣವಿರಲಿಲ್ಲ, ನಿನಗೆ ಕಾರಣವಿದೆ.’ ಕಾರ್ಡೀಲಿಯ ಹೇಳುತ್ತಾಳೆ: ‘ಕಾರಣವಿಲ್ಲ, ಯಾವ ಕಾರಣವೂ ಇಲ್ಲ.’ ವಾಸ್ತವವಾಗಿ ನೋಡಿದರೆ ಇದು ಸುಳ್ಳು. ಮೊದಲ ದೃಶ್ಯದಲ್ಲಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಸತ್ಯವನ್ನು ತೂಗಿಕೊಟ್ಟ ಹುಡುಗಿ ಇಲ್ಲಿ ತಕ್ಕಡಿಯನ್ನೇ ಕೈಬಿಟ್ಟಿದ್ದಾಳೆ.

ಕೊನೆಯಲ್ಲಿ ಲಿಯರ್ ಮಗಳ ಹೆಣದ ಮುಂದೆ ಕುಳಿತಿದ್ದಾನೆ. ನಾಯಿಗೆ, ಕುದುರೆಗೆ, ಇಲಿಗೆ ಜೀವವಿದೆ, ನಿನಗೇಕೆ ಉಸಿರಿಲ್ಲ ಎಂದು ಕೇಳುತ್ತಾನೆ. ಉತ್ತರ ಕೊಡುವವರಿಲ್ಲ. ನೂರು ಸವಾರರಿಗಾಗಿ ಮಕ್ಕಳ ಜೊತೆ ಚೌಕಾಸಿ ಮಾಡಿದವನು ಈಗ ಕೇಳುವುದು ಒಂದು ಚಿಕ್ಕ ಉಪಕಾರ: ‘ಈ ಗುಂಡಿ ಬಿಚ್ಚಿಕೊಡಿ.’ ಯಾರೋ ಬಿಚ್ಚುತ್ತಾರೆ. ‘ಉಪಕಾರವಾಯಿತು, ಸ್ವಾಮಿ’ ಎನ್ನುತ್ತಾನೆ. ಸುತ್ತ ಕೆಂಟ್, ಎಡ್ಗರ್, ಆಲ್ಬನಿ ಎಲ್ಲರೂ ಇದ್ದಾರೆ. ಬಿಚ್ಚಿದವರು ಯಾರೆಂದು ಕ್ವಾರ್ಟೋದಲ್ಲೂ ಬರೆದಿಲ್ಲ, ಫೋಲಿಯೋದಲ್ಲೂ ಬರೆದಿಲ್ಲ.